ಚಿನ್ನದ ಸೇತುವೆಯೂ ಒಂದು ಬಟ್ಟಲು ರಕ್ತವೂ: ಮಲಯ ನಾಡಿನ ಹಳೆಯ ಕಾವ್ಯದಲ್ಲಿ ಮೋಹ ಮತ್ತು ಮಾಸುವ ಒಲವು

ಮಲಯ ಭಾಷೆಯಲ್ಲಿ ಪ್ರೀತಿಗೆ ‘ಚಿಂತ’ ಎನ್ನುತ್ತಾರೆ. ಅದು ನಮ್ಮ ‘ಚಿಂತೆ’ಯೇ. ಸಂಸ್ಕೃತದ ಈ ಪದ ವ್ಯಾಪಾರಿಗಳ, ಪಂಡಿತರ ಜೊತೆ ಕಡಲು ದಾಟಿ ಹೋಯಿತು. ನಮ್ಮಲ್ಲಿ ಅದು ತಲೆನೋವಿನ ಮಾತಾಗಿ ಉಳಿಯಿತು. ಅಲ್ಲಿ ಒಬ್ಬರನ್ನೇ ಸದಾ ನೆನೆಯುವುದು ಎಂಬ ದಾರಿಯಲ್ಲಿ ಸಾಗಿ ಪ್ರೀತಿಯೇ ಆಗಿಬಿಟ್ಟಿತು. ಗಂಡನಿಗೆ ಅಲ್ಲಿ ‘ಸುಆಮಿ’, ಹೆಂಡತಿಗೆ ‘ಇಸ್ತ್ರಿ’, ನಿಷ್ಠೆಗೆ ‘ಸೆತಿಯ’. ಸ್ವಾಮಿ, ಸ್ತ್ರೀ, ಸತ್ಯ ಎಂಬ ಮೂಲಗಳನ್ನು ಗುರುತಿಸುವುದು ಕನ್ನಡಿಗರಿಗೆ ಕಷ್ಟವಲ್ಲ. ‘ವಿರಹಿ’ ಎಂಬ ಪದ ಮಾತ್ರ ಅಲ್ಲಿ ‘ಬೆರಾಹಿ’ಯಾಗಿ, ಅಗಲಿಕೆಯ ನೋವನ್ನು ದಾಟಿ ಕಾಮದ ಉರಿಯ ಹೆಸರಾಯಿತು. ನಿಮ್ಮ ಕಂಪನಿಯಲ್ಲೋ ಆಸ್ಪತ್ರೆಯಲ್ಲೋ ಮಲೇಷ್ಯಾ ಅಥವಾ ಇಂಡೋನೇಷ್ಯಾದ ಸಹೋದ್ಯೋಗಿಗಳಿದ್ದರೆ ಒಮ್ಮೆ ಕೇಳಿ ನೋಡಿ. ಅರ್ಧ ಗಂಟೆಯಲ್ಲಿ ಇಂಥ ಹತ್ತಾರು ಪದಗಳು ಸಿಗುತ್ತವೆ.

ಊರು ಬಿಟ್ಟು ಬಂದ ನಮಗೆ ಪ್ರೀತಿ ಮತ್ತು ಚಿಂತೆ ಒಂದೇ ಪದ ಎಂದರೆ ಅಷ್ಟೇನೂ ಆಶ್ಚರ್ಯವಾಗದು. ದೂರದಲ್ಲಿರುವ ಮನುಷ್ಯನ ಪ್ರೀತಿಗೆ ಎರಡು ಅಪಾಯಗಳಿವೆ. ಒಂದು, ಅದು ಅತಿಯಾಗಿ ಹುಚ್ಚಿನ ರೂಪ ತಾಳುವುದು. ಇನ್ನೊಂದು, ಯಾರಿಗೂ ತಿಳಿಯದ ಹಾಗೆ ಮೆಲ್ಲನೆ ಮಾಸಿಹೋಗುವುದು. ಈ ಎರಡನ್ನೂ ಹಿಂದಿನ ಕವಿಗಳು ಹೇಗೆ ಕಂಡರು? ಮಲೇಷ್ಯಾದ ಹಳೆಯ ಸಾಹಿತ್ಯ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ನಮ್ಮ ಜನ್ನನನ್ನೂ ನಾಗಚಂದ್ರನನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಆ ಉತ್ತರ ಇನ್ನಷ್ಟು ಸ್ಪಷ್ಟವಾಗುತ್ತದೆ.

ಎಂಬತ್ನಾಲ್ಕು ಭಾಷೆಗಳ ಬಂದರು

ಕಥೆ ಆರಂಭವಾಗುವುದು ಮಲಕ್ಕಾದಲ್ಲಿ. ಸುಮಾರು 1400ರ ಹೊತ್ತಿಗೆ ಹುಟ್ಟಿಕೊಂಡ ಈ ಬಂದರು ನೂರು ವರ್ಷಗಳಲ್ಲಿ ಪೂರ್ವ ಏಷ್ಯಾ ಮತ್ತು ಪಶ್ಚಿಮ ಏಷ್ಯಾಗಳ ಸಂತೆಯಾಗಿ ಬೆಳೆಯಿತು. 1512ರಿಂದ ಕೆಲವು ವರ್ಷ ಅಲ್ಲಿದ್ದ ಪೋರ್ಚುಗೀಸ್ ಬರಹಗಾರ ತೋಮೆ ಪಿರೆಸ್, ಮಲಕ್ಕಾದ ಬೀದಿಗಳಲ್ಲಿ 84 ಭಾಷೆಗಳು ಕೇಳಿಬರುತ್ತವೆ ಎಂದು ಬರೆದ. ಅವನ ಪಟ್ಟಿಯಲ್ಲಿ ಏಡನ್, ಹೋರ್ಮುಜ್ ಕಡೆಯವರಿದ್ದಾರೆ. ಗುಜರಾತ್, ದಾಬೋಲ್, ಗೋವಾ, ಮಲಬಾರ್ ಕಡೆಯವರೂ ಇದ್ದಾರೆ. ಅಂದರೆ ನಾವು ಇಂದು ದುಡಿಯುತ್ತಿರುವ ಕಡಲ ತೀರ ಮತ್ತು ನಮ್ಮ ಪಶ್ಚಿಮ ಕರಾವಳಿ ಎರಡೂ ಅಲ್ಲಿ ಭೇಟಿಯಾಗುತ್ತಿದ್ದವು.

ಆ ಕಾಲದ ಹಡಗುಗಳು ನಡೆಯುತ್ತಿದ್ದುದು ಮಾನ್ಸೂನ್ ಗಾಳಿಯ ಮೇಲೆ. ಒಂದು ಗಾಳಿಯಲ್ಲಿ ಬಂದವನು ಮತ್ತೊಂದು ಗಾಳಿ ಬೀಸುವ ತನಕ ತಿಂಗಳುಗಟ್ಟಲೆ ಕಾಯಬೇಕು. ನಮಗೆ ವೀಸಾ, ರಜೆ, ಟಿಕೆಟ್ ಇದ್ದ ಹಾಗೆ ಅವರಿಗೆ ಗಾಳಿ. ಮಲಯ ಭಾಷೆಯಲ್ಲಿ ‘ದಾಗಾಂಗ್’ ಎಂಬ ಪದಕ್ಕೆ ವ್ಯಾಪಾರ ಎಂಬ ಅರ್ಥವಿದೆ. ಊರು ಬಿಟ್ಟು ಬಂದ ಪರದೇಶಿ ಎಂಬ ಹಳೆಯ ಅರ್ಥವೂ ಇದೆ. ಇಂಥ ಪರದೇಶಿಯ ಪಾಡನ್ನು ಹಾಡುವ ಪದ್ಯಗಳೇ ಅಲ್ಲಿ ಒಂದು ಪ್ರತ್ಯೇಕ ಬಗೆ. ಅವುಗಳ ಹೆಸರು ‘ಪಂತುನ್ ದಾಗಾಂಗ್’. ಗಲ್ಫ್ ಕನ್ನಡಿಗನಿಗೆ ಇದಕ್ಕಿಂತ ಹತ್ತಿರದ ಕಾವ್ಯಪ್ರಕಾರ ಇನ್ನೊಂದು ಇರಲಾರದು.

ಉತ್ತರ ಬೇಡುವ ಪದ್ಯ

ಪಂತುನ್ ಎಂದರೆ ನಾಲ್ಕು ಸಾಲಿನ ಪುಟ್ಟ ಪದ್ಯ. ಸಾಲಿಗೆ ಹೆಚ್ಚಾಗಿ ಎಂಟರಿಂದ ಹನ್ನೆರಡು ಅಕ್ಷರ. ಒಂದನೆಯ ಸಾಲಿಗೂ ಮೂರನೆಯದಕ್ಕೂ, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅಂತ್ಯಪ್ರಾಸ. ಮೊದಲ ಎರಡು ಸಾಲುಗಳನ್ನು ‘ಪೆಂಬಾಯಾಂಗ್’ ಎನ್ನುತ್ತಾರೆ. ಬಾಯಾಂಗ್ ಎಂದರೆ ನೆರಳು. ಅಲ್ಲಿ ಒಂದು ದೋಣಿ, ಒಂದು ತೆಂಗಿನ ಮರ, ಒಂದು ಹಕ್ಕಿ, ಹಿತ್ತಲ ಬಾವಿ ಇಂಥದೇನೋ ಇರುತ್ತದೆ. ಕೊನೆಯ ಎರಡು ಸಾಲುಗಳಲ್ಲಿ ‘ಮಕ್ಸುದ್’, ಅಂದರೆ ಹೇಳಬೇಕಾದ ಮಾತು. ಮನಸ್ಸಿನ ಮಾತನ್ನು ನೇರವಾಗಿ ಆಡಲು ನಾಚುವವನು ಮೊದಲು ಅದರ ನೆರಳನ್ನು ಕಳುಹಿಸಿ ನೋಡುತ್ತಾನೆ. ಎದುರಿನವರ ಮುಖದಲ್ಲಿ ನಗು ಕಂಡರೆ ಮಾತು ಮುಂದುವರಿಯುತ್ತದೆ.

ಈ ಪದ್ಯಗಳನ್ನು ಎದುರುಬದುರಾಗಿ ಹಾಡುವುದು ಹಳೆಯ ಪದ್ಧತಿ. ಒಬ್ಬರು ಪದ ಎಸೆದರೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡಬೇಕು. ನಮ್ಮ ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಪದಗಳ ಸವಾಲು ಜವಾಬನ್ನು ಕೇಳಿದವರಿಗೆ ಇದರ ರುಚಿ ಗೊತ್ತಾಗುತ್ತದೆ. ಮಲಕ್ಕಾದಲ್ಲಿ ಪಿಟೀಲು, ಡೋಲು, ಗಂಟೆಜಾಗಟೆಗಳ ಜೊತೆ ಪಂತುನ್ ಹಾಡುವ ಕಲೆಗೆ ‘ದೊಂದಾಂಗ್ ಸಾಯಾಂಗ್’ ಎಂದು ಹೆಸರು. ಮಲಯರಷ್ಟೇ ಅಲ್ಲದೆ ಚೀನೀ ಮೂಲದ ಬಾಬಾ ನ್ಯೋನ್ಯಾ ಜನ, ಪೋರ್ಚುಗೀಸ್ ಮೂಲದವರು, ದಕ್ಷಿಣ ಭಾರತದ ವ್ಯಾಪಾರಿಗಳ ವಂಶದ ಚಿಟ್ಟಿ ಸಮುದಾಯದವರು ಎಲ್ಲರೂ ಅದನ್ನು ಹಾಡುತ್ತಾರೆ. ಯುನೆಸ್ಕೊ 2018ರಲ್ಲಿ ಈ ಕಲೆಯನ್ನೂ, 2020ರಲ್ಲಿ ಮಲೇಷ್ಯಾ ಮತ್ತು ಇಂಡೋನೇಷ್ಯಾ ಎರಡೂ ದೇಶಗಳ ಹೆಸರಿನಲ್ಲಿ ಪಂತುನ್ ಅನ್ನೂ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಪಂತುನ್‌ಗಳಲ್ಲಿ ಶೇಕಡ 70ರಷ್ಟು ಪ್ರೀತಿಯ ಬಗ್ಗೆಯೇ ಇವೆ ಎಂದು ಯುನೆಸ್ಕೊ ದಾಖಲೆ ಹೇಳುತ್ತದೆ. ಸಂಗಾತಿಯ ಪ್ರೀತಿಯ ಜೊತೆಗೆ ಮನೆಯವರ, ಊರಿನ, ಪ್ರಕೃತಿಯ ಪ್ರೀತಿಯೂ ಅದರಲ್ಲಿ ಸೇರಿದೆ.

ಹಳಬರು ಯುವಕರ ಪಂತುನ್‌ಗಳನ್ನು ವಿಂಗಡಿಸಿದ ಕ್ರಮವೇ ಒಂದು ಕಥೆಯಂತಿದೆ. ಮೊದಲು ಪರಿಚಯದ ಪದ್ಯಗಳು, ಆಮೇಲೆ ಒಲವಿನ ಪದ್ಯಗಳು, ಅನಂತರ ಅಗಲಿಕೆಯ ಪದ್ಯಗಳು, ಕೊನೆಗೆ ಮರುಕದ ಪದ್ಯಗಳು. ಪ್ರೀತಿ ಹುಟ್ಟುತ್ತದೆ, ಬೆಳೆಯುತ್ತದೆ, ಮಾಸಲೂಬಹುದು ಎಂಬ ತಿಳಿವಳಿಕೆ ಆ ವಿಂಗಡಣೆಯಲ್ಲೇ ಅಡಗಿದೆ. ಈ ಪರಂಪರೆಯಲ್ಲಿ ಒಂದು ಅಳತೆಗೋಲೂ ಇದೆ. ಪದಕ್ಕೆ ಪದ ಬರುತ್ತಿರುವ ತನಕ ಪ್ರೀತಿ ಜೀವಂತ. ಎದುರಿನವರ ಉತ್ತರವನ್ನು ಕೇಳದೆ ತಾನೇ ಹಾಡುತ್ತ ಹೋಗುವುದು ಮೋಹ. ಉತ್ತರ ಕೊಡುವುದನ್ನೇ ನಿಲ್ಲಿಸಿದಾಗ ಒಲವು ಮಾಸಿದೆ ಎಂದು ತಿಳಿಯಬೇಕು. ಈ ಗೋಲನ್ನು ಹಿಡಿದುಕೊಂಡು ಮಲಕ್ಕಾದ ಒಬ್ಬ ಸುಲ್ತಾನನ ಕಥೆಗೆ ಹೋಗೋಣ.

ಬೆಟ್ಟದ ರಾಜಕುಮಾರಿಯ ಷರತ್ತುಗಳು

ಮಲಯ ಸಾಹಿತ್ಯದ ಮುಕುಟದಂತಿರುವ ಗ್ರಂಥ ‘ಸೆಜಾರಾ ಮೆಲಾಯು’. ಮಲಯ ಅರಸರ ವಂಶಚರಿತ್ರೆ. 1612ರಲ್ಲಿ ಇದನ್ನು ಪರಿಷ್ಕರಿಸಿ ಬರೆದವನು ಜೋಹೋರ್ ಆಸ್ಥಾನದ ತುನ್ ಸ್ರಿ ಲಾನಾಂಗ್ ಎಂದು ಪ್ರತೀತಿ. ನಮ್ಮ ಚಂಪೂ ಕಾವ್ಯಗಳ ಹಾಗೆ ಇದರಲ್ಲಿ ಗದ್ಯದ ನಡುವೆ ಪದ್ಯಗಳು ಬರುತ್ತವೆ. ಇದನ್ನು ಮೊದಲು ಇಂಗ್ಲಿಷಿಗೆ ತಂದವನು ಜಾನ್ ಲೈಡನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ. ಅವನಿಗೂ ನಮ್ಮ ನಾಡಿಗೂ ನಂಟಿದೆ. ಕರ್ನಲ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ವೈದ್ಯನಾಗಿ ಸೇರಿದ್ದ ಲೈಡನ್ ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಮಲಗಿದ್ದ. ಆರೋಗ್ಯ ಸುಧಾರಿಸಲೆಂದು 1805ರಲ್ಲಿ ಪೆನಾಂಗ್‌ಗೆ ಹೋದಾಗ ಮಲಯ ಭಾಷೆಯ ಗೀಳು ಹತ್ತಿತು. ಅವನು 1811ರಲ್ಲಿ ಜಾವಾದಲ್ಲಿ ತೀರಿಕೊಂಡ ಮೇಲೆ, 1821ರಲ್ಲಿ, ಅವನ ಅನುವಾದ ಅಚ್ಚಾಯಿತು.

ಈ ಗ್ರಂಥದಲ್ಲಿ ಬರುವ ಪ್ರಸಂಗ ಇದು. ಮಲಕ್ಕಾದ ಕೊನೆಯ ದೊಡ್ಡ ಸುಲ್ತಾನ ಮಹಮೂದ್ ಷಾನ ರಾಣಿ ತೀರಿಕೊಂಡಳು. ಬೇರೆ ಅರಸರಿಗೂ ಸಿಗುವಂಥ ಹೆಣ್ಣು ತನಗೆ ಬೇಡ, ಯಾರಿಗೂ ಸಿಗದವಳೇ ಬೇಕು ಎಂದು ಅವನ ಮನಸ್ಸು ಹಟ ಹಿಡಿಯಿತು. ಗುನುಂಗ್ ಲೆದಾಂಗ್ ಬೆಟ್ಟದ ಮೇಲಿರುವ ಮಾಯಾ ರಾಜಕುಮಾರಿಯನ್ನು ಕೇಳಿ ಬರಲು ದೂತರನ್ನು ಕಳುಹಿಸಿದ. ಈ ಬೆಟ್ಟ ಇಂದಿನ ಜೋಹೋರ್ ರಾಜ್ಯದಲ್ಲಿದೆ. ಎತ್ತರ 1276 ಮೀಟರ್. ಹೆಸರಾಂತ ವೀರ ಹಾಂಗ್ ತುವಾ ಆಗ ಮುದುಕನಾಗಿದ್ದ. ಕೊನೆಗೆ ಮೇಲಕ್ಕೆ ಹತ್ತಿದವನು ತುನ್ ಮಮತ್. ದಾರಿಯಲ್ಲಿ ಗಾಳಿಗೆ ಹಾಡುವ ಬಿದಿರು ಮೆಳೆಗಳು ಸಿಗುತ್ತವೆ. ಆ ಬಿದಿರಿನ ಹೆಸರೇ ಹಂಬಲಿಸುವ ಬಿದಿರು. ಅದರ ಇಂಪಿಗೆ ಹಾರುವ ಹಕ್ಕಿಗಳೂ ನಿಲ್ಲುತ್ತವಂತೆ.

ಉದ್ಯಾನದಲ್ಲಿ ಅವನಿಗೆ ರಾಜಕುಮಾರಿ ಕಾಣಿಸಲಿಲ್ಲ. ಒಬ್ಬ ಮುದುಕಿ ಬಂದು ಷರತ್ತುಗಳನ್ನು ಹೇಳಿದಳು. ಮಲಕ್ಕಾದಿಂದ ಬೆಟ್ಟದ ತನಕ ಒಂದು ಚಿನ್ನದ ಸೇತುವೆ, ಒಂದು ಬೆಳ್ಳಿಯ ಸೇತುವೆ. ಏಳು ಹರಿವಾಣ ಸೊಳ್ಳೆಯ ಹೃದಯ, ಏಳು ಹರಿವಾಣ ನುಸಿಯ ಹೃದಯ. ಒಂದು ಕೊಪ್ಪರಿಗೆ ಕಣ್ಣೀರು. ಒಂದು ಕೊಪ್ಪರಿಗೆ ಎಳೆ ಅಡಿಕೆಯ ರಸ. ಒಂದು ಬಟ್ಟಲು ಸುಲ್ತಾನನ ರಕ್ತ, ಒಂದು ಬಟ್ಟಲು ಅವನ ಮಗ ರಾಜ ಅಹ್ಮದನ ರಕ್ತ.

ಅಡಿಕೆ ಇಲ್ಲಿ ಸುಮ್ಮನೆ ಬಂದಿಲ್ಲ. ಮಲಯದಲ್ಲಿ ಅಡಿಕೆಗೆ ‘ಪಿನಾಂಗ್’. ಪೆನಾಂಗ್ ದ್ವೀಪದ ಹೆಸರು ಬಂದದ್ದು ಅದರಿಂದಲೇ. ಹೆಣ್ಣು ಕೇಳುವುದಕ್ಕೆ ಅಲ್ಲಿ ‘ಮೆಮಿನಾಂಗ್’ ಎನ್ನುತ್ತಾರೆ, ಅಂದರೆ ಅಡಿಕೆ ಕೊಟ್ಟು ಕೇಳುವುದು. ಎಲೆ ಅಡಿಕೆ ಬದಲಾಯಿಸಿ ನಿಶ್ಚಯ ಮಾಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ತಟ್ಟೆ ಅಡಿಕೆಯಲ್ಲಿ ಮುಗಿಯುವ ಶಾಸ್ತ್ರವನ್ನು ರಾಜಕುಮಾರಿ ಕೊಪ್ಪರಿಗೆಗೆ ಏರಿಸಿದಳು. ‘ಇಲ್ಲ’ ಎನ್ನುವುದಕ್ಕೆ ಅವಳು ಹುಡುಕಿಕೊಂಡ ಮರ್ಯಾದೆಯ ಮಾತು ಅದು. ಪಂತುನ್‌ನ ಮೊದಲೆರಡು ಸಾಲಿನಂತೆ ಈ ಪಟ್ಟಿಯೂ ಒಂದು ನೆರಳು. ಹಿಂದಿರುವ ಮಾತನ್ನು ಕೇಳುವವನು ತಾನೇ ತಿಳಿದುಕೊಳ್ಳಬೇಕು.

ಸುಲ್ತಾನ ಎಲ್ಲವನ್ನೂ ಕೇಳಿ, ಮಿಕ್ಕದ್ದನ್ನೆಲ್ಲ ಹೇಗಾದರೂ ಹೊಂದಿಸಬಹುದು, ರಕ್ತ ತೆಗೆಯಲು ಮಾತ್ರ ನನಗೆ ಮನಸ್ಸು ಬಾರದು ಎಂದ. ಕಥೆ ಅಲ್ಲಿಗೆ ಮುಗಿಯಿತು. ಹುಚ್ಚಿನ ಅಂಚಿಗೆ ಹೋದವನು ಉತ್ತರವನ್ನು ಕೇಳಿಸಿಕೊಂಡು ಹಿಂದೆ ಬಂದ.

ಉತ್ತರ ಕೇಳದ ಮೋಹ

ಅದೇ ಸುಲ್ತಾನನ ಇನ್ನೊಂದು ಪ್ರಸಂಗ ಅದೇ ಗ್ರಂಥದಲ್ಲಿದೆ. ಪ್ರಧಾನಿ ತುನ್ ಮುತಾಹಿರನ ಮಗಳು ತುನ್ ಫಾತಿಮಾ. ಅವಳ ಮದುವೆಯ ಸಮಾರಂಭದಲ್ಲಿ ಅವಳನ್ನು ಕಂಡ ಸುಲ್ತಾನನಿಗೆ, ಇಷ್ಟು ಚೆಲುವೆಯನ್ನು ನನಗೆ ತೋರಿಸದೆ ಬೇರೆಯವನಿಗೆ ಕೊಟ್ಟರಲ್ಲ ಎಂಬ ಕಿಚ್ಚು ಹತ್ತಿತು. ಮುಂದೆ ಪ್ರಧಾನಿಯ ಮೇಲೆ ರಾಜದ್ರೋಹದ ಚಾಡಿ ಬಂದಾಗ ವಿಚಾರಣೆಯಿಲ್ಲದೆ ಪ್ರಧಾನಿಯನ್ನು, ಅವನ ಮನೆಯ ಗಂಡಸರನ್ನು, ಫಾತಿಮಾಳ ಗಂಡ ತುನ್ ಅಲಿಯನ್ನು ಕೊಲ್ಲಿಸಿದ. ಫಾತಿಮಾಳನ್ನು ಮದುವೆಯಾದ. ಚಾಡಿ ಸುಳ್ಳೆಂದು ಗೊತ್ತಾದಾಗ ಪಶ್ಚಾತ್ತಾಪಪಟ್ಟ. ಆದರೆ ಅವಳು ಅರಮನೆಯಲ್ಲಿ ನಕ್ಕಿದ್ದನ್ನು, ಕಡೆಗೆ ಮುಗುಳ್ನಕ್ಕಿದ್ದನ್ನೂ ಯಾರೂ ನೋಡಲಿಲ್ಲ ಎಂದು ಗ್ರಂಥ ಹೇಳುತ್ತದೆ. ಮೋಹದ ಬಗ್ಗೆ ನೂರು ಪದ್ಯ ಹೇಳುವುದನ್ನು ಆ ಒಂದು ವಿವರ ಹೇಳಿಬಿಡುತ್ತದೆ. ಬೆಟ್ಟದ ರಾಜಕುಮಾರಿಯ ಬಳಿ ಸುಲ್ತಾನ ಕೇಳಿದ, ಉತ್ತರ ಬಂತು. ಫಾತಿಮಾಳನ್ನು ಯಾರೂ ಕೇಳಲೇ ಇಲ್ಲ. ಅವಳ ಮೌನವೇ ಅವಳ ಉತ್ತರವಾಯಿತು.

ಇದಾದ ಸ್ವಲ್ಪ ಕಾಲಕ್ಕೆ, 1511ರಲ್ಲಿ, ಅದರ ಹಿಂದಿನ ವರ್ಷ ಬಿಜಾಪುರದವರಿಂದ ಗೋವಾ ಗೆದ್ದಿದ್ದ ಅಲ್ಬುಕರ್ಕ್ ಮಲಕ್ಕಾವನ್ನೂ ಗೆದ್ದ. ಸುಲ್ತಾನ ಓಡಿಹೋದ. ಆಗ ಮಗ ಅಹ್ಮದನ ನಡತೆಯ ಮೇಲೆ ಸಿಟ್ಟಾಗಿ, ಯಾವ ಮಗನ ಒಂದು ಬಟ್ಟಲು ರಕ್ತ ತೆಗೆಯಲು ಹಿಂದೆ ಮನಸ್ಸು ಬಂದಿರಲಿಲ್ಲವೋ ಅದೇ ಮಗನನ್ನು ಕೊಲ್ಲಿಸಿದ ಎಂದು ಸೆಜಾರಾ ಮೆಲಾಯು ದಾಖಲಿಸುತ್ತದೆ. 1528ರಲ್ಲಿ ಸುಮಾತ್ರಾದ ಕಂಪಾರ್‌ನಲ್ಲಿ ಅವನು ತೀರಿಕೊಂಡ.

ಕನ್ನಡ ಓದುಗರಿಗೆ ಇಲ್ಲಿ ಜನ್ನನ ‘ಅನಂತನಾಥ ಪುರಾಣ’ದ ಚಂಡಶಾಸನ ನೆನಪಾಗಬೇಕು. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಗೆಳೆಯನ ಹೆಂಡತಿ ಸುನಂದೆಯನ್ನು ಕಂಡು ಮರುಳಾಗಿ ಅವಳನ್ನು ಹೊತ್ತುಕೊಂಡು ಹೋಗುತ್ತಾನೆ. ಅವಳು ಒಪ್ಪುವುದಿಲ್ಲ. ಗಂಡ ಸತ್ತನೆಂದು ನಂಬಿಸಲು ಕೃತಕ ತಲೆಯನ್ನು ತೋರಿಸಿದಾಗ ಅವಳು ಅಲ್ಲೇ ಪ್ರಾಣ ಬಿಡುತ್ತಾಳೆ. ಅವಳ ಚಿತೆಯಲ್ಲೇ ಚಂಡಶಾಸನನೂ ಉರಿದುಹೋಗುತ್ತಾನೆ. ಹೊಯ್ಸಳರ ಕಾಲದ ಕವಿ, ಮಲಕ್ಕಾ ಹುಟ್ಟುವ ಮೊದಲೇ, ಅದೇ ಸತ್ಯವನ್ನು ಕಂಡಿದ್ದ: ಉತ್ತರ ಕೇಳದ ಮೋಹ ತಾನು ಬಯಸಿದ್ದನ್ನೇ ಮೊದಲು ಕೊಲ್ಲುತ್ತದೆ.

ನಮ್ಮ ನೆರೆಮನೆಯ ಮಜ್ನೂನ್

ಮಲಯದಲ್ಲಿ ಪ್ರೇಮದ ಹುಚ್ಚಿಗೆ ‘ಮಾಬುಕ್ ಕೆಪಾಯಾಂಗ್’ ಎಂಬ ನುಡಿಗಟ್ಟಿದೆ. ಕೆಪಾಯಾಂಗ್ ಒಂದು ಮರ. ಅದರ ಬೀಜವನ್ನು ಸರಿಯಾಗಿ ಹದಮಾಡದೆ ತಿಂದರೆ ತಲೆ ತಿರುಗುತ್ತದೆ. ಹದ ಮಾಡಿದರೆ ಅಡುಗೆಗೆ ಬರುವ ಕಾಯಿ, ಹದ ತಪ್ಪಿದರೆ ವಿಷ. ಪ್ರೀತಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಯಾರಿಗೆ ಬೇಕು?

ಆದರೆ ಹುಚ್ಚು ಪ್ರೇಮಕ್ಕೆ ಅಲ್ಲಿಯೂ ಇಲ್ಲಿಯೂ ಎಲ್ಲರಿಗೂ ಗೊತ್ತಿರುವ ಹೆಸರು ಮಜ್ನೂನ್. ಅವನು ನಮ್ಮ ಈ ಮರಳುಗಾಡಿನವನೇ. ಬನೂ ಆಮಿರ್ ಬುಡಕಟ್ಟಿನ ಕೈಸ್ ಎಂಬ ಕವಿ, ಲೈಲಾಳ ಮೇಲಿನ ಪ್ರೀತಿಯಿಂದ ಹುಚ್ಚನಾಗಿ ನಜ್ದ್ ಪ್ರದೇಶದಲ್ಲಿ ಅಲೆದನೆಂದು ಕಥೆ. ರಿಯಾದ್‌ನ ದಕ್ಷಿಣಕ್ಕೆ ಅಲ್ ಅಫ್ಲಾಜ್ ಕಡೆಗೆ ಹೋದವರು ‘ಲೈಲಾ’ ಎಂಬ ಊರಿನ ಫಲಕ ನೋಡಿರಬಹುದು. ಜನ ಆ ಊರನ್ನು ಈ ಕಥೆಯೊಂದಿಗೆ ಜೋಡಿಸುತ್ತಾರೆ. 1188ರಲ್ಲಿ ನಿಜಾಮಿ ಇದನ್ನು ಪರ್ಷಿಯನ್ ಮಹಾಕಾವ್ಯವಾಗಿಸಿದ. ದೆಹಲಿಯ ಅಮೀರ್ ಖುಸ್ರೊ 1299ರ ಸುಮಾರಿಗೆ ತನ್ನದೇ ಕಾವ್ಯ ಬರೆದ. ಬಾಂಬೆಯ ಪಾರ್ಸಿ ನಾಟಕ ಕಂಪನಿಗಳು 1870ರ ದಶಕದಲ್ಲಿ ಪೆನಾಂಗ್‌ಗೆ ಹೋದಾಗ ಅವುಗಳ ಪ್ರಭಾವದಿಂದ ‘ಬಂಗ್ಸಾವಾನ್’ ಎಂಬ ಮಲಯ ರಂಗಭೂಮಿ ಹುಟ್ಟಿತು. ಮೈಸೂರು ಸೀಮೆಯ ನಮ್ಮ ಕಂಪನಿ ನಾಟಕಗಳ ಮೇಲೂ ಅದೇ ಪಾರ್ಸಿ ಕಂಪನಿಗಳ ಪ್ರಭಾವವಿತ್ತು. ಬಂಗ್ಸಾವಾನ್‌ನ ಅಚ್ಚುಮೆಚ್ಚಿನ ಕಥೆಗಳಲ್ಲಿ ಲೈಲಾ ಮಜ್ನೂನ್ ಒಂದು. ಮೊದಲ ಮಲಯ ಚಲನಚಿತ್ರವೆಂದು ಹೆಸರಾದ, ಭಾರತದ ಬಿ.ಎಸ್. ರಾಜಹಂಸ್ ನಿರ್ದೇಶನದ 1933ರ ಚಿತ್ರವೂ ಲೈಲಾ ಮಜ್ನೂನ್.

ಸೂಫಿಗಳು ಹೇಳುವ ಒಂದು ಪ್ರಸಿದ್ಧ ಕಥೆಯಿದೆ. ಲೈಲಾ ಒಮ್ಮೆ ತಾನೇ ಬಂದು ಎದುರು ನಿಂತರೆ ಮಜ್ನೂನ್ ಅವಳನ್ನು ಹೋಗೆಂದನಂತೆ. ನಿನ್ನ ನೆನಪಿನಲ್ಲಿರುವ ನನಗೆ ಈಗ ನಿನಗಾಗಿ ಬಿಡುವಿಲ್ಲ ಎಂದು. ದೈವಪ್ರೇಮದ ಸಂಕೇತವಾಗಿ ಅದು ದೊಡ್ಡ ಮಾತು. ಸಂಸಾರಸ್ಥರ ಪಾಲಿಗೆ ಮಾತ್ರ ಎಚ್ಚರಿಕೆ. ಎದುರಿಗಿರುವ ಮನುಷ್ಯರಿಗಿಂತ ನಮ್ಮ ತಲೆಯೊಳಗಿನ ಚಿತ್ರವೇ ದೊಡ್ಡದಾದಾಗ ಪ್ರೀತಿಗೆ ಎರಡನೆಯ ದನಿ ಇಲ್ಲದೆ ಹೋಗುತ್ತದೆ.

ಮಾಸುವುದರಲ್ಲಿ ಎರಡು ಬಗೆ

ಇನ್ನು ಮಾಸುವ ಒಲವು. ಅದಕ್ಕೆ ಮಲಯದ ಒಂದು ಗಾದೆ ಸಾಕು: ಸಿಹಿ ಮುಗಿಯಿತು, ಸಿಪ್ಪೆ ಬಿಸಾಡಿದರು. ಕಬ್ಬು ಜಗಿದವರಿಗೆ ಇದು ಅರ್ಥವಾಗುತ್ತದೆ. ಅಗಲಿಕೆಯ ಪಂತುನ್‌ಗಳಲ್ಲೂ ಹೀಗೆಯೇ ದಿನನಿತ್ಯದ ವಸ್ತುಗಳೇ ಮಾತಾಡುತ್ತವೆ. ಒಲವು ಬತ್ತಿದ್ದಕ್ಕೆ ಸಿಡಿಲು ಗುಡುಗು ಬೇಕಿಲ್ಲ. ಒಂದು ಹೂ, ಒಂದು ದೋಣಿ, ಒಂದು ಸಿಪ್ಪೆ ಸಾಕು.

ನಮ್ಮ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಮೋಹ ಮತ್ತು ಮಾಸಿದ ಒಲವು ಒಂದೇ ಅರಮನೆಯಲ್ಲಿವೆ. ರಾತ್ರಿ ಕೇಳಿದ ಮಾವುತನ ಹಾಡಿಗೆ ರಾಣಿ ಅಮೃತಮತಿ ಸೋಲುತ್ತಾಳೆ. ಅವನು ಕುರೂಪಿ ಎಂದು ಗೊತ್ತಾದ ಮೇಲೂ ಮನಸ್ಸು ಹಿಂದೆ ಸರಿಯುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೂ ಸಹಿಸುತ್ತಾಳೆ. ಮರೆಯಲ್ಲಿ ನಿಂತ ಗಂಡ ಅದನ್ನೆಲ್ಲ ನೋಡುತ್ತಾನೆ. ಮರುದಿನ ಅವನು ನೆಯ್ದಿಲ ಹೂವಿನಿಂದ ಸುಮ್ಮನೆ ತಟ್ಟಿದರೆ ಅವಳು ಮೂರ್ಛೆ ಬಂದವಳಂತೆ ನಟಿಸುತ್ತಾಳೆ. ರಾತ್ರಿ ಪೆಟ್ಟು ತಿಂದು ನಿಂತವಳು ಹಗಲು ಹೂವಿಗೆ ಬೀಳುತ್ತಾಳೆ. ದಾಂಪತ್ಯದಲ್ಲಿ ಒಲವು ಹೋಗಿ ನಟನೆ ಉಳಿದದ್ದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಹುಟ್ಟಿದ್ದು ಈ ಕಥೆಯಿಂದಲೇ.

ಮಾಸುವುದು ಯಾವಾಗಲೂ ನಷ್ಟವೇ ಎಂದು ಹಳಬರು ಹೇಳಲಿಲ್ಲ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣನ ಮಾತು ಕೇಳಿ ಸೀತೆ ಮೂರ್ಛೆ ಹೋದಾಗ, ಅವಳ ಪಾಡು ನೋಡಿ ರಾವಣನ ಮೋಹವೇ ಕರಗುತ್ತದೆ. ಪಶ್ಚಾತ್ತಾಪ ಬರುತ್ತದೆ. ಯುದ್ಧದಲ್ಲಿ ಗೆದ್ದು ಆಮೇಲೆ ಅವಳನ್ನು ಒಪ್ಪಿಸುವೆ ಎಂಬ ಅಹಂಕಾರ ಅವನನ್ನು ಮುಗಿಸಿತು, ನಿಜ. ಆದರೂ ಆ ಗಳಿಗೆಯಲ್ಲಿ ಅವನು ಮೊದಲ ಬಾರಿಗೆ ಸೀತೆಯನ್ನು ಮನುಷ್ಯಳಾಗಿ ಕಂಡ. ಬೆಟ್ಟದ ಷರತ್ತು ಕೇಳಿ ಹಿಂದೆ ಬಂದ ಸುಲ್ತಾನನ ಗಳಿಗೆಯೂ ಇಂಥದೇ. ಆರೈಕೆಯಿಲ್ಲದೆ ಬತ್ತುವ ಒಲವು ರೋಗ. ಎದುರಿನವರ ಕಣ್ಣೀರು ಕಂಡು ಇಳಿಯುವ ಮೋಹ ರೋಗದಿಂದ ಗುಣವಾಗುವುದು. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಸೇತುವೆ ಕಟ್ಟುವ ನಾವು

ಗಲ್ಫ್‌ನಲ್ಲಿರುವ ನಾವೆಲ್ಲ ಒಂದು ರೀತಿಯಲ್ಲಿ ಚಿನ್ನದ ಸೇತುವೆ ಕಟ್ಟುವವರೇ. ತಿಂಗಳು ತಿಂಗಳು ಹಣ ಕಳುಹಿಸುತ್ತೇವೆ, ರಜೆಗೆ ಹೋಗುವಾಗ ಸೂಕ್‌ನಿಂದ ಒಂದು ಸರ, ಎರಡು ಬಳೆ ಒಯ್ಯುತ್ತೇವೆ. ಮನೆ ಕಟ್ಟುವುದೂ ಮಕ್ಕಳನ್ನು ಓದಿಸುವುದೂ ಆ ಸೇತುವೆಯ ಮೇಲೆಯೇ. ಅದು ಸಣ್ಣ ಕೆಲಸವಲ್ಲ. ಆದರೆ ರಾಜಕುಮಾರಿಯ ಪಟ್ಟಿಯಲ್ಲಿ ಸೇತುವೆ ಮೊದಲನೆಯದು ಮಾತ್ರ. ಕಣ್ಣೀರಿನ ಕೊಪ್ಪರಿಗೆ ಆಮೇಲೆ ಬರುತ್ತದೆ. ಚಿನ್ನ ತಲುಪಿದ ಮಾತ್ರಕ್ಕೆ ಮಾತು ತಲುಪಿತು ಎಂದಲ್ಲ.

ನಮ್ಮ ನಡುವೆಯೂ ಎರಡು ಅಪಾಯಗಳನ್ನು ಕಾಣುತ್ತೇವೆ. ರಾತ್ರಿ ಎಷ್ಟು ಗಂಟೆಗೆ ಆನ್‌ಲೈನ್ ಇದ್ದೆ, ಯಾರ ಜೊತೆ ಮಾತಾಡಿದೆ, ಫೋನ್ ಯಾಕೆ ಎತ್ತಲಿಲ್ಲ ಎಂದು ದಿನಕ್ಕೆ ಹತ್ತು ಬಾರಿ ಕೇಳುವುದನ್ನು ಕಾಳಜಿ ಎನ್ನುತ್ತೇವೆ. ಹಳಬರು ಅದನ್ನು ಕೆಪಾಯಾಂಗ್ ತಿಂದವನ ಲಕ್ಷಣ ಎಂದಾರು. ಇನ್ನೊಂದು ಕಡೆ, ಶುಕ್ರವಾರದ ಕರೆ ‘ಊಟ ಆಯ್ತಾ, ದುಡ್ಡು ಬಂತಾ’ ಎಂಬಲ್ಲಿಗೆ ಬಂದು ನಿಂತಿರುತ್ತದೆ. ಅಲ್ಲಿ ಜಗಳವಿಲ್ಲ, ಪದಕ್ಕೆ ಪದವೂ ಇಲ್ಲ. ಸಿಹಿ ಎಂದು ಮುಗಿಯಿತೆಂದು ಇಬ್ಬರಿಗೂ ನೆನಪಿಲ್ಲ.

ಪಂತುನ್ ಹಾಡುವವರ ನಿಯಮ ಸರಳ. ನಿನ್ನ ಪದ ಹೇಳು, ಆಮೇಲೆ ಸುಮ್ಮನಿದ್ದು ಎದುರಿನ ಪದ ಕೇಳು. ಅದರಲ್ಲಿರುವ ದೋಣಿಯನ್ನೋ ಅಡಿಕೆಯನ್ನೋ ಎತ್ತಿಕೊಂಡು ಮುಂದಿನ ಪದ ಕಟ್ಟು. ಊರಿನಿಂದ ಹೆಂಡತಿ ಹಿತ್ತಲ ಬಾಳೆ ಗೊನೆ ಬಿಟ್ಟ ಸುದ್ದಿ ಹೇಳಿದರೆ, ತಾಯಿ ಮಂಡಿನೋವಿನ ಮಾತೆತ್ತಿದರೆ, ಅದು ಬರಿಯ ಸುದ್ದಿಯಲ್ಲ. ಮೊದಲ ಎರಡು ಸಾಲು. ಉಳಿದೆರಡು ಸಾಲು ಬರುವ ತನಕ ಫೋನ್ ಇಡದೆ ಕಾಯಬೇಕು.